ಅಕ್ಕನ ಹತ್ತು ನಿಮಿಷ

ದೆವ್ವ, ಆತ್ಮ, ಸೂಚನೆ ಎಂಬ ಮಾತು ಬಂದಾಗಲೆಲ್ಲ ಎದ್ದು ಹೋಗುತ್ತಿದ್ದವನು ನಾನು. ವಿಜಯಪುರದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಯಂತ್ರಗಳನ್ನು ಬಿಚ್ಚಿ ಜೋಡಿಸಿದವನಿಗೆ, ಕೆಟ್ಟದ್ದಕ್ಕೆಲ್ಲ ಒಂದು ಕಾರಣ ಇದ್ದೇ ಇರುತ್ತದೆ, ಅದು ಬಹಳ ಸಲ ಬರೀ ಧೂಳು ಎಂಬ ನಂಬಿಕೆ ಗಟ್ಟಿಯಾಗಿಬಿಟ್ಟಿರುತ್ತದೆ. ಈಗಲೂ ನನ್ನನ್ನು ದೆವ್ವ ನಂಬುವವರ ಸಾಲಿಗೆ ಸೇರಿಸಬೇಡಿ. ಆದರೆ ಐದು ವರ್ಷದ ಹಿಂದೆ ತಿಕೋಟಾದ ನಮ್ಮ ಮನೆಯಲ್ಲಿ ನಡೆದದ್ದಕ್ಕೆ ಇಂದಿಗೂ ನನಗೆ ಕಾರಣ ಸಿಕ್ಕಿಲ್ಲ. ಇಂಥವು ಅಮಾವಾಸ್ಯೆಯ ರಾತ್ರಿ ನಡೆಯುತ್ತವೆ ಎನ್ನುತ್ತಾರೆ. ನನಗೆ ನಡೆದದ್ದು ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ.

ಮೊದಲು ನನ್ನ ಹುಚ್ಚಿನ ಬಗ್ಗೆ ಹೇಳಬೇಕು. ಜನ ಮೂಲೆಗೆ ತಳ್ಳಿದ ಹಳೆಯ ಕಂಪ್ಯೂಟರುಗಳನ್ನು ತಂದು, ರಿಪೇರಿ ಮಾಡಿ, ತಯಾರಿಸಿದವರು ಹೇಳಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದು ನನ್ನ ಹವ್ಯಾಸ. ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಬಬಲೇಶ್ವರದ ಗೊಬ್ಬರದಂಗಡಿಯಿಂದ ಒಂದು ಬಂದಿತ್ತು, ನಮ್ಮೂರ ಒಣದ್ರಾಕ್ಷಿ ವ್ಯಾಪಾರಿಯ ಕಚೇರಿಯಿಂದ ಇನ್ನೊಂದು. ಅದರ ಡಬ್ಬಿ ತೆರೆದರೆ ಇವತ್ತಿಗೂ ದ್ರಾಕ್ಷಿ ಒಣಗಿಸಲು ಬಳಸುವ ಗಂಧಕದ ವಾಸನೆ. ಒಳಗೆ ಜಂಪರ್ ಎಂಬ, ಜೋಳದ ಕಾಳಿನಷ್ಟು ಸಣ್ಣ ಪ್ಲಾಸ್ಟಿಕ್ ಟೋಪಿ ಇರುತ್ತದೆ. ಅದನ್ನು ಒಂದು ಪಿನ್ನಿನಿಂದ ಕಿತ್ತು ಪಕ್ಕದ ಪಿನ್ನಿಗೆ ಹಾಕಿದರೆ ಯಂತ್ರದ ವೇಗ ಏರುತ್ತದೆ. ಆಮೇಲೆ ಚಿಪ್ ಕಾದು ಸುಟ್ಟುಹೋಗದಂತೆ ಟೇಬಲ್ ಫ್ಯಾನ್ ತಿರುಗಿಸಿಕೊಂಡು ಗಂಟೆಗಟ್ಟಲೆ ಪರೀಕ್ಷೆ ಮಾಡಬೇಕು. ಲಾಭವೇನು ಎಂದು ಕೇಳಿದರೆ, ಏನೂ ಇಲ್ಲ. ಜೊತೆಗೆ ಕೂತು ಮಾತಾಡಲು ಇದೇ ಹುಚ್ಚಿನ ಇನ್ನೊಬ್ಬ ಮನುಷ್ಯ ಇಡೀ ಜಿಲ್ಲೆಯಲ್ಲಿ ನನಗೆ ಸಿಕ್ಕಿಲ್ಲ.

ಇದನ್ನು ಸಹಿಸಿಕೊಂಡವಳು ಅಕ್ಕ ಒಬ್ಬಳೇ. ನಾವಿಬ್ಬರೂ ಮದುವೆಯಾಗದೆ ಉಳಿದವರು. ಕಾರಣ ಕೇಳಬೇಡಿ, ಹೇಳಿಕೊಳ್ಳುವಂಥದ್ದೇನೂ ಇಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಮನೆ, ಮುಂದಿನ ಕೋಣೆಯಲ್ಲಿ ಅವಳ ಟೈಪಿಂಗ್ ಕ್ಲಾಸು. ಟೈಪ್‌ರೈಟರುಗಳ ಕಾಲ ಮುಗಿದಾಗ ಅವಳು ಒಂದು ಕಂಪ್ಯೂಟರ್ ಕೊಂಡಳು, ಅದರ ಮೇಲೆಯೇ ಓಣಿಯ ಹುಡುಗಿಯರಿಗೆಲ್ಲ ಬೆರಳಿಡುವುದನ್ನು ಕಲಿಸಿದಳು. ಅದಕ್ಕೆ ಮಾತ್ರ ನನ್ನನ್ನು ಕೈ ಹಚ್ಚಗೊಡುತ್ತಿರಲಿಲ್ಲ. "ಅದಕ್ಕ ಎಷ್ಟು ತ್ರಾಣ ಐತಿ ಅಷ್ಟ ಓಡ್ತೈತಿ, ತಮ್ಮಾ. ಅದರ ಬೆನ್ನ ಹತ್ತಬ್ಯಾಡ" ಎನ್ನುತ್ತಿದ್ದಳು.

ಅವಳದೊಂದು ಪದ್ಧತಿ ಇತ್ತು. ಗೋಡೆ ಗಡಿಯಾರ, ಕೈಗಡಿಯಾರ, ಕೊನೆಗೆ ಆ ಕಂಪ್ಯೂಟರಿನೊಳಗಿನ ಗಡಿಯಾರ, ಎಲ್ಲವನ್ನೂ ಹತ್ತು ನಿಮಿಷ ಮುಂದೆ ಇಡುವುದು. ಬಸ್ಸು ತಪ್ಪಬಾರದಲ್ಲ! ನನಗೋ ಆ ಗುಟ್ಟು ಗೊತ್ತಿದ್ದರಿಂದ ಗಡಿಯಾರ ನೋಡಿದೊಡನೆ ತಲೆಯಲ್ಲೇ ಹತ್ತು ಕಳೆದುಬಿಡುತ್ತಿದ್ದೆ. ಅವಳು ಕೂಡಿಸುವುದು, ನಾನು ಕಳೆಯುವುದು, ಮೂವತ್ತು ವರ್ಷ ಹೀಗೇ ನಡೆದಿತ್ತು.

ಆ ವರ್ಷ ಫೆಬ್ರುವರಿಯಲ್ಲಿ ಅಕ್ಕನನ್ನು ಹೃದಯದ ತೊಂದರೆಯಿಂದ ವಿಜಯಪುರದ ಆಸ್ಪತ್ರೆಗೆ ಸೇರಿಸಿದೆವು. ಹಗಲು ಪಕ್ಕದ ಮನೆಯ ಶಾಂತವ್ವ ಇರುತ್ತಿದ್ದಳು, ಅಕ್ಕನ ಹಳೆಯ ಶಿಷ್ಯೆ. ಸಂಜೆಯಿಂದ ಬೆಳಗಿನ ತನಕ, ಕಾಲೇಜಿಗೆ ರಜೆ ಹಾಕಿದ್ದ ನಾನು. ಒಂದು ಮಧ್ಯಾಹ್ನ ಶಾಂತವ್ವನ ಫೋನಿನಿಂದ ಅಕ್ಕನೇ ಮಾತಾಡಿದಳು. "ಸಂಜಿತನಕ ಕಾಯಬ್ಯಾಡ. ಮೂರರ ಬಸ್ಸಿಗೆ ಬಾ. ನಿನಗೊಂದು ಮಾತು ಹೇಳೂದೈತಿ" ಎಂದಳು. ದನಿ ಸರಿಯಾಗಿಯೇ ಇತ್ತು. ನಾನು ದ್ರಾಕ್ಷಿ ವ್ಯಾಪಾರಿಯ ಯಂತ್ರವನ್ನು ಪರೀಕ್ಷೆಗೆ ಹಚ್ಚಿ ಕೂತಿದ್ದೆ. ತಲೆಯೆತ್ತಿ ನೋಡಿದರೆ ಗೋಡೆ ಗಡಿಯಾರದಲ್ಲಿ ಮೂರಕ್ಕೆ ಐದು. ಹತ್ತು ಕಳೆದೆ. ಇನ್ನೂ ಹದಿನೈದು ನಿಮಿಷ ಇದೆ, ಇದೊಂದು ಸುತ್ತು ಮುಗಿಯಲಿ ಎಂದುಕೊಂಡೆ.

ನಾನು ಮರೆತದ್ದಿಷ್ಟು. ಹಿಂದಿನ ವಾರ ಆ ಗಡಿಯಾರದ ಸೆಲ್ ಮುಗಿದಿತ್ತು. ಹೊಸದು ಹಾಕಿ, ಮೊಬೈಲ್ ನೋಡಿ ಸರಿಯಾದ ಸಮಯ ಇಟ್ಟವನು ನಾನೇ. ಬಸ್ಸು ಹೋಗಿತ್ತು. ಮುಂದಿನದು ನಲವತ್ತು ನಿಮಿಷದ ಮೇಲೆ. ನಾನು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಶಾಂತವ್ವ ಎದುರಿಗೆ ಬಂದು ಗೋಡೆ ಹಿಡಿದು ನಿಂತಳು. ಅಕ್ಕ ತೀರಿಕೊಂಡು ಕಾಲು ಗಂಟೆಯಾಗಿತ್ತು. ಏನು ಹೇಳಬೇಕೆಂದಿದ್ದಳು ಎಂದು ಶಾಂತವ್ವನನ್ನು ಎಷ್ಟು ಸಲ ಕೇಳಿದ್ದೇನೋ. ಅವಳಿಗೆ ಗೊತ್ತಿಲ್ಲ.

ಆಮೇಲಿನ ಎರಡು ತಿಂಗಳನ್ನು ಹೇಗೆ ಕಳೆದೆ ಎಂದು ವಿವರಿಸಲಾರೆ. ಒಬ್ಬನಿಗೇ ಅಡುಗೆ ಮಾಡಿಕೊಳ್ಳುವುದು ದೊಡ್ಡ ಮಾತಲ್ಲ; ಮಾಡಿದ್ದು ಹೇಗಾಗಿದೆ ಎಂದು ಕೇಳುವವರಿಲ್ಲದಿರುವುದು ಕಷ್ಟ. ಒಂದು ದಿನ ಅಕ್ಕನ ಕಂಪ್ಯೂಟರ್ ಬಿಚ್ಚಿದೆ. ಹಳೆಯ ಯಂತ್ರಗಳೊಳಗೆ ಗಡಿಯಾರ ನಡೆಸಲು ಸಣ್ಣ ಬ್ಯಾಟರಿ ಇರುತ್ತದೆ. ಅದು ಸೋರಿ ಹಸಿರು ಕಟ್ಟಿ ಬೋರ್ಡನ್ನು ತಿನ್ನತೊಡಗಿತ್ತು. ಕತ್ತರಿಸಿ ಬಿಸಾಡಿದೆ. ಬ್ಯಾಟರಿ ಇಲ್ಲದ ಯಂತ್ರಕ್ಕೆ ಸಮಯದ ನೆನಪು ಉಳಿಯುವುದಿಲ್ಲ. ಪ್ರತಿ ಸಲ ಹಚ್ಚಿದಾಗಲೂ ಸಾವಿರದ ಒಂಬೈನೂರ ಎಂಬತ್ತರ ಜನವರಿ ಒಂದು ಎಂದು ತೋರಿಸಿ, ಸರಿಯಾದ ತಾರೀಖು ಬರೆಯಿರಿ ಎಂದು ಕೇಳುತ್ತದೆ. ಒಂದೆರಡು ಸಲ ಹಚ್ಚಿ ನೋಡಿ, ಪ್ಲಗ್ಗು ಕಿತ್ತು ಎಂಟು ದಿನ ಹಾಗೆಯೇ ಬಿಟ್ಟೆ.

ಒಂಬತ್ತನೆಯ ದಿನ ಭಾನುವಾರ. ಬಿಸಿಲಿಗೆ ಓಣಿಯಲ್ಲಿ ನಾಯಿ ಕೂಡ ಇರಲಿಲ್ಲ. ಸುಮ್ಮನೆ ಕೂರಲಾರದೆ, ಅಕ್ಕ ಬೇಡವೆಂದಿದ್ದ ಕೆಲಸಕ್ಕೆ ಕೈ ಹಾಕಿದೆ. ಜಂಪರ್ ಕಿತ್ತು ಅರವತ್ತಾರು ಮೆಗಾಹರ್ಟ್ಸ್ ವೇಗದ ಯಂತ್ರವನ್ನು ಎಂಬತ್ತಕ್ಕೆ ಏರಿಸಿದೆ. ಅವಳು ಬೈಯಲಿ ಎಂದೇ ಮಾಡಿದೆನೋ ಏನೋ. ಫ್ಯಾನ್ ತಿರುಗಿಸಿ ಸ್ವಿಚ್ಚು ಒತ್ತಿದೆ.

ಪರದೆಯ ಮೇಲೆ ಅಂದಿನ ತಾರೀಖೇ ಬಂತು. ಸಮಯ ಮೂರು ಗಂಟೆ. ಸರಿಯಿದ್ದರೆ ಎಂಟರ್ ಒತ್ತಬೇಕು. ನನ್ನ ಮೊಬೈಲಿನಲ್ಲಿ ಎರಡು ಐವತ್ತು.

ಆಗಲೇ ಶಾಂತವ್ವ ಮಜ್ಜಿಗೆ ತಂದಳು. ತಂಬಿಗೆ ಇಡುತ್ತ ಪರದೆ ನೋಡಿ, ಏನೂ ವಿಶೇಷವಿಲ್ಲವೆಂಬಂತೆ, "ಅಕ್ಕಾರ ಟೈಮು ಇನ್ನೂ ಹಂಗ ಐತಲ್ರಿ, ಹತ್ತು ನಿಮಿಷ ಮುಂದ" ಎಂದು ಹೇಳಿ ಹೋದಳು.

ನಾನು ಮಾಡಿದ್ದೇನು? ಟಾರ್ಚ್ ಹಿಡಿದು ಬೋರ್ಡಿನ ಮೇಲೆಲ್ಲ ಬೆಳಕು ಬಿಟ್ಟು ನೋಡಿದೆ. ಮೀಟರ್ ಹಚ್ಚಿದೆ. ಕರೆಂಟಿನದು ಬಿಟ್ಟರೆ, ಸಮಯ ತಂದುಕೊಡುವಂಥ ಯಾವ ತಂತಿಯೂ ಹೊರಗಿನಿಂದ ಬಂದಿರಲಿಲ್ಲ. ಇನ್ನೊಂದು ಸಲ ಇದೇ ಬಂದರೆ ನಂಬೋಣ ಎಂದು, ಪರೀಕ್ಷೆಗಾಗಿ, ಸ್ವಿಚ್ಚು ಆರಿಸಿ ಮತ್ತೆ ಹಚ್ಚಿದೆ. ಸಾವಿರದ ಒಂಬೈನೂರ ಎಂಬತ್ತರ ಜನವರಿ ಒಂದು ಬಂತು. ಅದೇ ಹೊತ್ತಿಗೆ ನಿಲ್ದಾಣದಿಂದ ಮೂರರ ಬಸ್ಸು ಹಾರ್ನ್ ಹಾಕಿ ಹೊರಟದ್ದು ಕೇಳಿಸಿತು. ಅಕ್ಕನ ಗಡಿಯಾರದಲ್ಲಿ ಮೂರಾಯಿತೆಂದರೆ ಮನೆ ಬಿಡುವ ಹೊತ್ತು ಎಂಬುದು ನನಗೆ ಆಗ ಹೊಳೆಯಿತು. ಎರಡನೆಯ ಸಲವೂ ನಾನು ಪರೀಕ್ಷೆ ಮಾಡುತ್ತ ಕೂತಿದ್ದೆ. ಆ ದಿನ ಬಹಳ ಅತ್ತೆ.

ಆಮೇಲೆ ನೂರಾರು ಸಲ ಪ್ರಯತ್ನಿಸಿದ್ದೇನೆ, ವೇಗವನ್ನು ಎಂಬತ್ತರಲ್ಲಿ ಇಟ್ಟೂ ನೋಡಿದೆ, ಅರವತ್ತಾರಕ್ಕೆ ಇಳಿಸಿಯೂ ನೋಡಿದೆ. ವೇಗ ಏರಿಸಿದಾಗ ಗಡಿಯಾರದ ಚಿಪ್ ಏನೋ ಒಂದು ಅಂಕಿ ಉಗುಳಿರಬಹುದು ಎಂದು ವಾದಿಸಿಕೊಳ್ಳುತ್ತೇನೆ. ಅದು ಅಂದಿನ ತಾರೀಖೇ ಆಗಬೇಕೆ, ಹತ್ತು ನಿಮಿಷವೇ ಮುಂದಿರಬೇಕೆ ಎಂಬಲ್ಲಿಗೆ ವಾದ ನಿಂತುಹೋಗುತ್ತದೆ. ಒಬ್ಬನೇ ಇದ್ದಿದ್ದರೆ ಕಣ್ಣಿನ ಭ್ರಮೆ ಎನ್ನಬಹುದಿತ್ತು, ಆದರೆ ಶಾಂತವ್ವ ನೋಡಿದ್ದಾಳೆ. ಅವಳಿಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಅಕ್ಕ ಬೈದದ್ದೋ ಕರೆದದ್ದೋ, ನನಗೆ ಗೊತ್ತಿಲ್ಲ.

ಈಗ ಜಂಪರ್ ಅಕ್ಕನ ಅರವತ್ತಾರಕ್ಕೇ ಇದೆ. ಹೊಸ ಬ್ಯಾಟರಿ ಹಾಕುವುದು ಐದು ನಿಮಿಷದ ಕೆಲಸ, ಹಾಕಿಲ್ಲ. ಗೋಡೆ ಗಡಿಯಾರವನ್ನು ಮತ್ತೆ ಹತ್ತು ನಿಮಿಷ ಮುಂದೆ ಇಟ್ಟಿದ್ದೇನೆ, ಕಳೆಯುವುದನ್ನು ಬಿಟ್ಟಿದ್ದೇನೆ. ಪ್ರತಿ ಭಾನುವಾರ ಅದು ಮೂರು ತೋರಿಸುವ ಮೊದಲು ಅಕ್ಕನ ಯಂತ್ರವನ್ನು ಹಚ್ಚುತ್ತೇನೆ. ಇವತ್ತು ಯಾವ ತಾರೀಖು ಎಂದು ಅದು ಕೇಳುತ್ತದೆ. ನಾನು ಬರೆಯುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡೇ ಅದರ ಮುಂದೆ ಕೂತಿರುತ್ತೇನೆ.