ಒಂದೇ ಭರತದ ದಿನ

ಅರವತ್ತರ ದಶಕದ ನಡುವಿನ ಮಾತು. ನಾನು ಆಗ ಕುಮಟೆಯ ಕಾಲೇಜಿನಲ್ಲಿ ಗಣಿತದ ಅಧ್ಯಾಪಕಿಯಾಗಿದ್ದೆ. ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಹೊನ್ನಾವರಕ್ಕೆ ಬಂದು, ಲಾಂಚಿನಲ್ಲಿ ಶರಾವತಿ ದಾಟಿ, ಆಚೆ ದಡದಿಂದ ಇನ್ನೊಂದು ಬಸ್ಸು ಹತ್ತಿ ಮಂಕಿಯಲ್ಲಿದ್ದ ಅಮ್ಮನ ಮನೆ ಸೇರುತ್ತಿದ್ದೆ. ಸೋಮವಾರ ಬೆಳಿಗ್ಗೆ ಅದೇ ದಾರಿಯಲ್ಲಿ ವಾಪಸು. ಸಮುದ್ರದ ಇಳಿತಕ್ಕೆ ಹೊಳೆಯ ನೀರೂ ಇಳಿದಿದ್ದರೆ ಲಾಂಚು ನಡುಹೊಳೆಯ ಮರಳಿಗೆ ಕೂತುಬಿಡುತ್ತಿತ್ತು. ಒಂದೇ ತಿಂಗಳಲ್ಲಿ ಎರಡು ಸೋಮವಾರ ನನ್ನ ಮೊದಲ ತರಗತಿ ತಪ್ಪಿತು. ಸಮುದ್ರಕ್ಕೂ ಒಂದು ವೇಳಾಪಟ್ಟಿ ಬರೆದುಕೊಡಿ ಎಂದು ಪ್ರಿನ್ಸಿಪಾಲರು ನಗುತ್ತಲೇ ಹೇಳಿದರು. ನಾನು ಆ ಮಾತನ್ನು ನಗೆಯಾಗಿ ತೆಗೆದುಕೊಳ್ಳಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಬೊಂಬಾಯಿಗೆ ಹೋಗಿ ಆರು ವಾರ ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವುದನ್ನು ಕಲಿತು ಬಂದಿದ್ದೆ. ಯಂತ್ರ ಅಲ್ಲೇ ಉಳಿಯಿತು, ವಿದ್ಯೆ ನನ್ನ ಜೊತೆ ಬಂತು. ನನ್ನೊಡನೆ ಕಲಿತ ಗೆಳತಿಯೊಬ್ಬಳಿಗೆ ಅಲ್ಲಿಯೇ ಕೆಲಸ ಸಿಕ್ಕಿತ್ತು. ಚೌಕುಳಿ ಹಾಳೆಯಲ್ಲಿ ನೀನು ಬರೆದು ಕಳಿಸು, ನಾನು ಕಾರ್ಡುಗಳಲ್ಲಿ ತೂತು ಹೊಡೆಸಿ ಯಂತ್ರಕ್ಕೆ ಹಾಕಿಸುತ್ತೇನೆ ಎಂದು ಆಕೆ ಮಾತು ಕೊಟ್ಟಿದ್ದಳು. ಹೊನ್ನಾವರದ ಹೊಳೆಯಲ್ಲಿ ಭರತ, ಅಂದರೆ ಸಮುದ್ರದ ಉಬ್ಬರ, ಯಾವ ದಿನ ಎಷ್ಟು ಹೊತ್ತಿಗೆ ಏರುತ್ತದೆ ಎಂಬ ಪಟ್ಟಿಯನ್ನು ಯಂತ್ರದಿಂದಲೇ ಮಾಡಿಸಬೇಕೆಂದು ಹಟ ಹುಟ್ಟಿತು. ಚಂದ್ರ ನೆತ್ತಿ ದಾಟಿದ ಮೇಲೆ ಎಷ್ಟು ಹೊತ್ತಿಗೆ ನೀರು ತುಂಬುತ್ತದೆ ಎಂದು ಗೊತ್ತಾದರೆ ಉಳಿದದ್ದು ಲೆಕ್ಕ. ಆ ಅಂತರ ತಿಳಿಯಲು ರಜೆಯಲ್ಲಿ ಲಾಂಚಿನ ಕಟ್ಟೆಯ ಪಕ್ಕ ಗೆರೆ ಹಾಕಿದ ಬಿದಿರು ನೆಟ್ಟು, ಗಡಿಯಾರ ಹಿಡಿದು ಕೂತೆ.

ಮೊದಲ ಸಲ ಕಳಿಸಿದ್ದು ಮೂರು ವಾರಕ್ಕೆ ತಿರುಗಿ ಬಂತು. ಉತ್ತರದ ಜಾಗದಲ್ಲಿ ತಪ್ಪು ಎಂಬ ಒಂದೇ ಸಾಲು. ನಾನು ಬರೆದ ಸೊನ್ನೆಯನ್ನು ಕಾರ್ಡು ಹೊಡೆಯುವವರು ಇಂಗ್ಲಿಷಿನ ಓ ಅಕ್ಷರವೆಂದು ಓದಿದ್ದರು. ಅಂದಿನಿಂದ ಸೊನ್ನೆಗೆ ಅಡ್ಡಗೆರೆ ಎಳೆಯುವುದು ರೂಢಿಯಾಯಿತು, ಇಂದಿಗೂ ಬಿಟ್ಟಿಲ್ಲ. ಆದರೆ ಮೂರು ವಾರಕ್ಕೊಂದು ತಪ್ಪು ಹುಡುಕುತ್ತ ಕೂತರೆ ವರ್ಷವೇ ಕಳೆದುಹೋದೀತು. ಅಂಚೆಗೆ ಹಾಕುವ ಮೊದಲೇ ಎಲ್ಲವನ್ನೂ ಮನೆಯಲ್ಲೇ ಪರೀಕ್ಷಿಸಬೇಕು ಎಂದು ತೀರ್ಮಾನಿಸಿದೆ.

ಅಮ್ಮ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು, ಇಂಗ್ಲಿಷ್ ಅಕ್ಷರ ಓದಬಲ್ಲಳು. ಜಗಲಿಯ ನೆಲದ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಬರೆದೆ. ದಿನಕ್ಕೊಂದು ಮನೆ, ಗಂಟೆಗೊಂದು, ನಿಮಿಷಕ್ಕೊಂದು. ಅಮ್ಮ ಒಂದೊಂದೇ ಸಾಲು ಓದುವುದು, ನಾನು ಯಂತ್ರದ ಹಾಗೆ ಆ ಮನೆಯ ಅಂಕಿ ಅಳಿಸಿ ಹೊಸದು ಬರೆಯುವುದು. ಹತ್ತು ಸಾಲು ದಾಟುವುದರೊಳಗೆ ಅಮ್ಮ ನನ್ನನ್ನು ತಡೆದಳು. ಅವಳು ಓದಿದ ಸಾಲಿನಲ್ಲಿ ಕೂಡು ಎಂದಿತ್ತು, ನಾನು ಕಳೆದಿದ್ದೆ. ಅಲ್ಲಿ ಕಳೆಯುವುದೇ ಸರಿ ಎಂದು ವಾದಿಸಿದೆ.

"ಆನು ಬರದ್ದನ್ನ ಓದ್ತಿ. ನೀ ಮನಸಲ್ಲಿ ಎಣಿಸಿದ್ದು ಎಂಗೆ ಗೊತ್ತಿಲ್ಲೆ" ಅಂದಳು ಅಮ್ಮ.

ಬೊಂಬಾಯಿಯ ಆರು ವಾರದಲ್ಲಿ ಯಾರೂ ನನಗೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಬರೆದವರು ತಮ್ಮ ಬರಹವನ್ನು ಓದುವುದಿಲ್ಲ, ಮನಸ್ಸಿನಲ್ಲಿದ್ದುದನ್ನು ಓದಿಕೊಳ್ಳುತ್ತಾರೆ. ಆ ಭಾನುವಾರ ನಾಲ್ಕು ತಪ್ಪು ಸಿಕ್ಕಿದವು. ನಾಲ್ಕನ್ನೂ ಒಟ್ಟಿಗೆ ತಿದ್ದಲು ಹೊರಟೆ, ಗೊಂದಲವಾಯಿತು. ಒಂದು ತಿದ್ದಿ, ಮೊದಲಿನಿಂದ ಓದಿಸಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿದೆ. ಅಮ್ಮನಿಗೆ ಬೇಸರ ಬಂದು ನಡುವೆ ಎರಡು ಸಲ ಎದ್ದುಹೋದಳು. ಕೊನೆಗೆ ನಾನು ಬಿದಿರಿನಲ್ಲಿ ಅಳೆದಿಟ್ಟ ಹತ್ತು ದಿನದ ಸಮಯಕ್ಕೂ ನೆಲದ ಮೇಲಿನ ಲೆಕ್ಕಕ್ಕೂ ತಾಳೆಯಾಯಿತು. ಹಾಳೆಗಳನ್ನು ಲಕೋಟೆಗೆ ಹಾಕಿದೆ.

ಈ ಸಲ ಬೊಂಬಾಯಿಯಿಂದ, ನಾನು ಬಿದಿರು ನೆಟ್ಟಿದ್ದ ಇಡೀ ತಿಂಗಳ ಪಟ್ಟಿ ಅಚ್ಚಾಗಿ ಬಂತು. ದಿನಕ್ಕೆರಡು ಭರತ, ಎರಡು ಸಾಲು ಅಂಕಿ. ನನ್ನ ಹತ್ತು ದಿನವೂ ಸರಿಯಿತ್ತು. ಕನ್ನಡ ಅಂಕಿಯಲ್ಲಿ ನಕಲು ಮಾಡಿ, ಮುಂದಿನ ಶನಿವಾರ ಹೇಗಿದೆ ನೋಡಿ ಎಂದು ಲಾಂಚು ನಡೆಸುವ ತಂಡೇಲರ ಕೈಗೆ ಕೊಟ್ಟೆ. ಅರವತ್ತು ದಾಟಿದವರು, ಹುಟ್ಟಿದ್ದೇ ಹೊಳೆಯ ಬಾಯಲ್ಲಿ. ಮಧ್ಯರಾತ್ರಿಯಿಂದ ಇಪ್ಪತ್ನಾಲ್ಕು ಗಂಟೆ ಎಣಿಸುವ ಲೆಕ್ಕವನ್ನು ವಿವರಿಸಿದೆ. ಲಾಂಚು ಆಚೆ ಮುಟ್ಟಿತು. ಅವರು ಹಗ್ಗ ಕಟ್ಟಿಸಿ ಬಂದು, ಪಟ್ಟಿಯಲ್ಲಿ ಹದಿಮೂರನೆಯ ತಾರೀಕಿನ ಮೇಲೆ ಬೆರಳಿಟ್ಟರು.

"ಹದಿಮೂರನೇ ತಾರೀಕು ರಾತ್ರಿ ಹನ್ನೊಂದು ಇಪ್ಪತ್ತೈದಕ್ಕೆ ನೀರು ತುಂಬ್ತದೆ. ಆತು. ಮತ್ತೆ ಐವತ್ತು ನಿಮಿಷಕ್ಕೆ ಹದಿನಾಲ್ಕರಲ್ಲಿ ಇನ್ನೊಂದು ಭರತ ಎಲ್ಲಿಂದ ಬರೂದು?"

ನಾನು ನೋಡಿದೆ. ಹದಿನಾಲ್ಕನೆಯ ತಾರೀಕಿಗೆ ಎರಡು ಭರತ ಅಚ್ಚಾಗಿತ್ತು. ಒಂದು ಮಧ್ಯಾಹ್ನಕ್ಕೆ ಹತ್ತು ನಿಮಿಷ ಮೊದಲು, ಇನ್ನೊಂದು ಮಧ್ಯರಾತ್ರಿ ಕಳೆದು ಕಾಲು ಗಂಟೆಗೆ. ಯಂತ್ರ ತಪ್ಪು ಮಾಡಲಾರದು ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಯಂತ್ರದ ಸುದ್ದಿ ತನಗೆ ತಿಳಿಯದು, ಆದರೆ ಹದಿನೈದು ದಿನಕ್ಕೊಮ್ಮೆ ಒಂದು ತಾರೀಕಿಗೆ ಒಂದೇ ಭರತ ದಕ್ಕುತ್ತದೆ, ಬೇಕಿದ್ದರೆ ನೀರು ಏರಿಳಿದ ಹೊತ್ತು ಬರೆದಿಡುವ ಲಾಂಚಿನ ಪುಸ್ತಕ ನೋಡಿ ಎಂದು ಅವರು ಶಾಂತವಾಗಿಯೇ ಹೇಳಿದರು.

ಮಂಕಿಯ ಬಸ್ಸಿನಲ್ಲಿ ಕೂತವಳಿಗೆ ಮುಖ ಬಿಸಿಯಾಗಿತ್ತು. ಅವರು ಹೇಳಿದ್ದು ಪೂರ್ತಿ ಸರಿ. ಭರತ ದಿನದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ರಾತ್ರಿಯ ಭರತ ಒಂದು ದಿನ ಹನ್ನೆರಡು ಗಂಟೆಯನ್ನು ದಾಟಿ ಮರುದಿನದ ಪಾಲಿಗೆ ಸೇರಿಬಿಡುತ್ತದೆ. ನಾನು ಪ್ರತಿ ದಿನಕ್ಕೂ ಎರಡು ಭರತ ಬರೆ ಎಂದಿದ್ದೆ. ಯಂತ್ರ ಮರುದಿನದ್ದನ್ನು ಎಳೆದು ತಂದು ಹಿಂದಿನ ದಿನಕ್ಕೆ ಅಂಟಿಸಿತ್ತು. ಅಲ್ಲಿಂದ ಮುಂದೆ ಎರಡನೆಯ ಸಾಲೆಲ್ಲ ಒಂದು ದಿನ ಹಿಂದೆ. ನನ್ನ ಪರೀಕ್ಷೆ ಹತ್ತನೆಯ ದಿನಕ್ಕೇ ಮುಗಿದಿತ್ತು, ತಪ್ಪು ಹದಿನಾಲ್ಕರಲ್ಲಿ ಕೂತಿತ್ತು. ಸಲೀಸಾದ ಹತ್ತು ದಿನಗಳನ್ನು ಆರಿಸಿಕೊಂಡು ಬೆನ್ನು ತಟ್ಟಿಕೊಂಡಿದ್ದೆ.

ಮನೆ ಸೇರುವ ಹೊತ್ತಿಗೆ ಅವಮಾನ ಇಳಿದು ಉತ್ಸಾಹ ಬಂದಿತ್ತು. ದಿನ ಹಿಡಿದು ಭರತ ಹುಡುಕುವುದನ್ನು ಬಿಟ್ಟೆ. ಭರತಗಳನ್ನು ಒಂದರ ಹಿಂದೊಂದು ಎಣಿಸುತ್ತ ಹೋಗಿ, ಪ್ರತಿಯೊಂದನ್ನೂ ಅದು ಬಿದ್ದ ದಿನದ ಮನೆಗೆ ಹಾಕುವಂತೆ ತಿರುಗಿಸಿ ಬರೆದೆ. ಸೋಮವಾರ ತಂಡೇಲರಲ್ಲಿ ಲಾಂಚಿನ ಪುಸ್ತಕ ಕೇಳಿ ಪಡೆದೆ. ನೀರು ಮಧ್ಯರಾತ್ರಿಯ ಆಚೀಚೆ ಏರಿದ ದಿನಗಳು, ತಿಂಗಳ ಕೊನೆಯ ದಿನಗಳು, ಹುಣ್ಣಿಮೆ ಅಮಾವಾಸ್ಯೆಗಳು, ಹೀಗೆ ತೊಂದರೆ ಕೊಡಬಹುದಾದವನ್ನೇ ಹೆಕ್ಕಿ ಒಂದು ನೋಟುಬುಕ್ಕಿಗೆ ಇಳಿಸಿದೆ. ಪ್ರೋಗ್ರಾಮಿನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಆ ನೋಟುಬುಕ್ಕಿನ ಎಲ್ಲ ದಿನಗಳನ್ನೂ ಮತ್ತೆ ಲೆಕ್ಕ ಹಾಕಿ ನೋಡುವುದು ನಿಯಮವಾಯಿತು. ಒಮ್ಮೆ ಸರಿ ಇದ್ದದ್ದು ಈಗಲೂ ಸರಿಯೇ ಇದೆ ಎಂದು ನಂಬಲು ಬೇರೆ ದಾರಿ ನನಗೆ ಇಂದಿಗೂ ಗೊತ್ತಿಲ್ಲ.

ಮೂರನೆಯ ಸಲ ಮುಂದಿನ ಕೆಲವು ತಿಂಗಳ ಪಟ್ಟಿ ಬಂದಾಗ ತಂಡೇಲರು ಅದನ್ನು ಒಂದು ತಿಂಗಳು ಪರೀಕ್ಷೆ ಮಾಡಿದರು. ಅರ್ಧ ಗಂಟೆಗೆ ಮೀರಿ ಹೆಚ್ಚುಕಮ್ಮಿ ಆಗಲಿಲ್ಲ. ಒಂದು ಶನಿವಾರ ನೋಡಿದರೆ ಕಟ್ಟೆಯ ಮಾಡಿನ ಕೆಳಗೆ ಹಲಗೆಗೆ ಮೊಳೆ ಹೊಡೆದು ಅದನ್ನು ತೂಗುಹಾಕಿದ್ದರು. ನನಗೆ ಹೇಳಿಯೂ ಇರಲಿಲ್ಲ. ಮೀನಿನ ಬುಟ್ಟಿ ಹೊತ್ತ ಹೆಂಗಸರು ಅದರ ಮುಂದೆ ನಿಂತು ಸೋಮವಾರದ್ದು ಎಂತ ಎಂದು ಓದು ಬಲ್ಲವರನ್ನು ಕೇಳುತ್ತಿದ್ದರು.

ಸುದ್ದಿ ಭಟ್ಕಳಕ್ಕೂ ಮುಟ್ಟಿ, ಅಲ್ಲಿಯ ದೋಣಿಯವರು ತಮಗೂ ಒಂದು ಬೇಕೆಂದು ಹೇಳಿಕಳಿಸಿದರು. ಪ್ರೋಗ್ರಾಮು ಮತ್ತೆ ಬರೆಯಬೇಕಾಗಲಿಲ್ಲ. ಚಂದ್ರ ನೆತ್ತಿ ದಾಟಿದ ಮೇಲೆ ಆಯಾ ಊರಿನಲ್ಲಿ ನೀರು ತುಂಬುವವರೆಗಿನ ಅಂತರವನ್ನು ಮೊದಲಿನಿಂದಲೇ ಒಂದು ಪ್ರತ್ಯೇಕ ಕಾರ್ಡಿನಲ್ಲಿ ಇಟ್ಟಿದ್ದೆ. ಎರಡು ಭಾನುವಾರ ಭಟ್ಕಳದ ಹೊಳೆಬಾಯಲ್ಲಿ ಬಿದಿರು ನೆಟ್ಟು ಕೂತು, ಆ ಒಂದು ಕಾರ್ಡಿನ ಒಂದು ಅಂಕಿ ಬದಲಿಸಿ ಬೊಂಬಾಯಿಗೆ ಬರೆದೆ.