ಹಿಂದಿನ ಬೆಂಚಿನಲ್ಲಿ ಅಡುಗೆಯಕ್ಕ

ಕಾಡಿನ ಜನರ ಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ನನ್ನ ಗೆಳತಿ ಮೊನ್ನೆ ಮಧ್ಯಾಹ್ನ ಹೃದಯಾಘಾತದಿಂದ ತೀರಿಕೊಂಡಳು. ಅವಳೂ ಆ ಜನರವಳೇ.

ಹೊಸದಾಗಿ ಸೇರಿದ ಹುಡುಗಿ ಮನೆಮಾತಿನಲ್ಲಿ ನೀರು ಕೇಳಿದ್ದಕ್ಕೆ, ಅವರದೇ ಜನರ ಸಹಪಾಠಿಯೊಬ್ಬಳು "ಏ ಕಾಡುಕೋತಿ, ಮರ ಇಳಿದು ಬಂದ್ಯಾ?" ಎಂದು ದಿನವೂ ಗೋಳುಹೊಯ್ದುಕೊಂಡಳು. ಹೊಸಬಳು ಓದು ಬಿಟ್ಟು ಹೋಗಲು ಬಟ್ಟೆ ಗಂಟುಕಟ್ಟಿದಳು.

ಹಂಗಿಸಿದವಳನ್ನು ಹೊರಹಾಕುತ್ತೇನೆಂದರು ವಾರ್ಡನ್. ಗೆಳತಿ ತಡೆದಳು. ಹಂಗಿಸಿದ ಆ ಹುಡುಗಿಯನ್ನೇ ಅಡುಗೆಮನೆಗೆ ಕರೆದು, ಆಲೂಗಡ್ಡೆ ಸುಲಿಯಲು ಕೊಟ್ಟು, ಮುಖ ನೋಡದೆ ಕೇಳಿದಳು: "ಈ ಮಾತು ನಿಂಗೆ ಯಾರಂದಿದ್ದು, ಮಗಳೇ?"

"ಕ್ಲಾಸಲ್ಲಿ ಎಲ್ರೂ ಅಂತಾರಕ್ಕಾ," ಎಂದು ಹುಡುಗಿ ಬಿಕ್ಕಿದಳು.

ಮೊನ್ನೆ ಬೆಳಿಗ್ಗೆ ಗೆಳತಿ ಇಬ್ಬರನ್ನೂ ಕೈಹಿಡಿದು ಶಾಲೆಗೆ ಕರೆದೊಯ್ದಳು. "ಮೇಷ್ಟ್ರೇ, ಇವರನ್ನ ಯಾರು ಏನಂತಾರೆ ಅಂತ ಇವತ್ತು ನಾನೂ ಕೇಳ್ತೀನಿ," ಎಂದು ಹಿಂದಿನ ಬೆಂಚಿನಲ್ಲಿ ಅವರ ನಡುವೆ ಕೂತಳು.