ಹುಚ್ಚಾಸ್ಪತ್ರೆಗೆ ಹದಿನೆಂಟು ಸೀರೆ

ದೆವ್ವದ ಸಿನಿಮಾ ಎಂದರೆ ನನಗೆ ಚಿಕ್ಕಂದಿನಿಂದಲೂ ಪ್ರಾಣ. ಗುಂಡ್ಲುಪೇಟೆಯ ನನ್ನ ಟೈಲರ್ ಅಂಗಡಿಗೆ ಮದುವೆ ವಿಡಿಯೋ ತೆಗೆಯುವವನೊಬ್ಬ ಬಂದು, "ಅಕ್ಕ, ದೆವ್ವದ ಪಿಚ್ಚರ್ ಮಾಡ್ತಾವ್ನಿ. ಹುಚ್ಚಾಸ್ಪತ್ರೆ ಕತೆ. ಬಟ್ಟೆ ಜವಾಬ್ದಾರಿ ನಿಮ್ದೇ" ಎಂದ ದಿನ, ನಾನು ಯಾರದೋ ರವಿಕೆಗೆ ಎಡತೋಳನ್ನು ಬಲಗಡೆ ಕೂರಿಸಿಬಿಟ್ಟೆ. ಅಷ್ಟು ಖುಷಿ ನನಗೆ.

ಕತೆ ಚೆನ್ನಾಗಿತ್ತು. ಒಬ್ಬ ಹುಡುಗಿ ಹುಚ್ಚಾಸ್ಪತ್ರೆಗೆ ತನ್ನ ಅಕ್ಕನನ್ನು ಹುಡುಕಿಕೊಂಡು ಬರುತ್ತಾಳೆ. ಅಕ್ಕ ಸತ್ತು ವರ್ಷವಾಗಿದೆ. ಆದರೂ ರೋಗಿಗಳ ಸಾಲಿನಲ್ಲಿ ಕೂತಿದ್ದಾಳೆ! ಕೇಳುವಾಗಲೇ ನನ್ನ ಮೈ ಜುಮ್ಮೆಂದಿತು. ನಮ್ಮ ಡೈರೆಕ್ಟರ್ ಕೈಯಲ್ಲಿ ದುಡ್ಡಿರಲಿಲ್ಲ, ಆದರೂ ಬಾಯಲ್ಲಿ ಡ್ರೋನು, ಕ್ರೇನು ಎಂದೆಲ್ಲ ಬರುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಚಂದಕವಾಡಿ ಕಡೆ ಮುಚ್ಚಿಹೋಗಿದ್ದ ಒಂದು ರೇಷ್ಮೆ ಕಾರ್ಖಾನೆಯನ್ನು ಒಂದೇ ದಿನದ ಮಟ್ಟಿಗೆ ಹಿಡಿದಿದ್ದ. ಉದ್ದನೆಯ ಹಾಲ್, ಸಾಲು ಕಿಟಕಿ, ಹೆಂಚಿನಡಿ ತುಂಬ ಬಾವಲಿ. ಕ್ಯಾಮೆರಾ ವಯನಾಡಿನಿಂದ ಬಾಡಿಗೆಗೆ ಬರುತ್ತಿತ್ತು. ರಾತ್ರಿ ಬಂಡೀಪುರದ ಗೇಟು ಹಾಕುವುದರೊಳಗೆ ಅದು ಕಾಡು ದಾಟಲೇಬೇಕು. ಇನ್ನೊಂದು ದಿನದ ಬಾಡಿಗೆ ಕೊಡುವ ತಾಕತ್ತು ಯಾರಿಗೂ ಇರಲಿಲ್ಲ.

ಹದಿನೆಂಟು ಜನ ರೋಗಿಗಳು ಬೇಕಿತ್ತು. ನನ್ನ ತವರು ಉಡಿಗಾಲ. ಅಲ್ಲಿಂದ ಕೂಲಿಗೆ ಹೋಗುವ ಹೆಂಗಸರನ್ನು ಕೇಳಿದೆ. ಸಿನಿಮಾ ಅಂದದ್ದೇ ತಡ, ಅರಿಶಿನದ ಹೊಲದ ಕಳೆ ಅಲ್ಲಲ್ಲೇ ಉಳಿಯಿತು. ಚಂದಕವಾಡಿಯಿಂದಲೂ ಕೆಲವರನ್ನು ಹತ್ತಿಸಿಕೊಂಡೇ ಟೆಂಪೊ ಬಂತು. ನಮ್ಮೂರಲ್ಲಿ ಎಲ್ಲರಿಗಿಂತ ಮೊದಲು ಅದನ್ನು ಹತ್ತಿ ಕೂತವಳು ನನ್ನ ಚಿಕ್ಕವ್ವ.

ನನಗೆ ಭಯ ಹತ್ತಿದ್ದು ಅಲ್ಲೇ. ನಾನು ಐದನೇ ಕ್ಲಾಸಿನಲ್ಲಿದ್ದಾಗ, ಮೊದಲ ಮಗು ಹೋದ ಮೇಲೆ, ಚಿಕ್ಕವ್ವ ಎಂಟು ತಿಂಗಳು ನಿಜವಾದ ಹುಚ್ಚಾಸ್ಪತ್ರೆಯಲ್ಲಿದ್ದಳು. ವಾಸಿಯಾಗಿ ಬಂದಳು, ಮಗಳನ್ನು ಹೆತ್ತಳು, ಬೆಳೆಸಿದಳು. ಊರಿಗೆ ಮಾತ್ರ ನಮ್ಮ ಮನೆಯವರು ಹೇಳಿದ್ದು, ಊಟಿ ಕಡೆ ಟೀ ತೋಟದ ಕೆಲಸಕ್ಕೆ ಹೋಗಿದ್ದಾಳೆ ಎಂದು. ಆ ಸುಳ್ಳನ್ನು ಇಷ್ಟು ವರ್ಷ ಮಗುವಿನ ಹಾಗೆ ಸಾಕಿಕೊಂಡು ಬಂದಿದ್ದೆವು. ಈಗ ಚಿಕ್ಕವ್ವನ ಮಗಳಿಗೆ ಚಂದಕವಾಡಿಯಲ್ಲಿ ಗಂಡು ಗೊತ್ತಾಗಿ, ಮದುವೆಗೆ ತಿಂಗಳೂ ಇರಲಿಲ್ಲ. ಗಂಡಿನ ತಾಯಿ, ನಮ್ಮ ಬೀಗಿತ್ತಿ, ಅದೇ ಟೆಂಪೊದಲ್ಲಿ ಚಿಕ್ಕವ್ವನ ಎದುರು ಸೀಟಿನಲ್ಲಿ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದಳು. ವಿಷಯ ಗೊತ್ತಾದರೆ ಮದುವೆ ಮುರಿಯುತ್ತದೆ, ಅದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

"ಚಿಕ್ಕವ್ವ, ನೀನು ಮನೇಲಿರು" ಎಂದು ಕಿವಿಯಲ್ಲಿ ಹೇಳಿದೆ.

"ಸುಮ್ನಿರಮ್ಮಿ, ನಾನೂ ಪಿಚ್ಚರಲ್ಲಿ ಬತ್ತೀನಿ" ಎಂದಳು. ಮುಖದಲ್ಲಿ ಎಳೇ ಹುಡುಗಿಯ ಸಂಭ್ರಮ.

ಕಾರ್ಖಾನೆಯ ಬಾಗಿಲಿಗೆ ತೆಂಗಿನಕಾಯಿ ಒಡೆದು, ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿ, ಬೆಳಗ್ಗೆ ಹತ್ತು ಗಂಟೆಗೇ ನಡುರಾತ್ರಿ ಮಾಡಿದೆವು. ನಾನು ಹೆಮ್ಮೆಯಿಂದ ಬಟ್ಟೆಯ ಗಂಟು ಬಿಚ್ಚಿದೆ. ಅಂಚು ಹೊಲಿದು ಇಸ್ತ್ರಿ ಹಾಕಿದ ಹದಿನೆಂಟು ಅಪ್ಪಟ ಬಿಳಿ ಸೀರೆ.

ಹೆಂಗಸರು ನೋಡಿದರು. ಒಬ್ಬಳೂ ಕೈಚಾಚಲಿಲ್ಲ.

"ಇದೇನಮ್ಮಿ, ನಮ್ ಗಂಡಂದಿರು ಬದ್ಕಿರುವಾಗ್ಲೇ ಬಿಳಿ ಸೀರೆ ಉಡುಸ್ತೀಯಾ?" ಎಂದಳು ಬೀಗಿತ್ತಿ.

ಅದರ ಮೇಲೆ ಡೈರೆಕ್ಟರ್ ಬೇರೆ ಬಾಯಿ ಹಾಕಿದ. "ಕುಂಕುಮಾನೂ ಒರೆಸ್ಕಬೇಕು, ಬಳೆನೂ ತೆಗೀಬೇಕು." ತಗೋ, ಮುಗಿಯಿತು ಕತೆ. ಹೆಂಗಸರು ದಡಬಡ ಎದ್ದು ಟೆಂಪೊ ಕಡೆ ನಡೆದರು. ಇಪ್ಪತ್ತು ವರ್ಷದಿಂದ ಈ ಸೀಮೆಯ ಹೆಂಗಸರಿಗೆ ಬಟ್ಟೆ ಹೊಲಿಯುವ ನನಗೆ ಇಷ್ಟೂ ಹೊಳೆಯಬಾರದೆ? ಸಿನಿಮಾದ ಅಮಲಿನಲ್ಲಿ ತಲೆ ಕೆಲಸ ಮಾಡಿರಲಿಲ್ಲ. ಡೈರೆಕ್ಟರ್ ತಲೆಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕುಕ್ಕರಿಸಿದ. ಕ್ಯಾಮೆರಾದವನು ಗಡಿಯಾರ ನೋಡಿಕೊಂಡ.

ಆಗ ಚಿಕ್ಕವ್ವ ಗಟ್ಟಿಯಾಗಿ ಹೇಳಿದಳು. "ಅಲ್ಲಿ ಯಾರ್ ಕುಂಕುಮಾನೂ ಅಳಿಸ್ತಿರ್ಲಿಲ್ಲ ಕಣಪ್ಪ. ಬಿಳಿ ಸೀರೆನೂ ಕೊಡ್ತಿರ್ಲಿಲ್ಲ. ಒಗ್ದು ಒಗ್ದು ಮಂಕಾಗಿರೋ ಹಳದಿ ಸೀರೆ ಕೊಡೋರು. ಕನ್ನಡಿ ಮಾತ್ರ ಕೊಡ್ತಿರ್ಲಿಲ್ಲ. ಅಂದಾಜಿನ ಮ್ಯಾಲೆ ಕುಂಕುಮ ಇಟ್ಕೋತಿದ್ವಿ, ಅದು ಸೊಟ್ಟಗಾಗ್ತಿತ್ತು."

ಬೀಗಿತ್ತಿ ತಿರುಗಿ ನಿಂತಳು.

"ನಿಂಗೆಂಗೆ ಗೊತ್ತು?"

"ಎಂಟ್ ತಿಂಗ್ಳು ಇದ್ದೆ."

"ಮತ್ತೆ ಟೀ ತೋಟ?"

"ಟೀ ತೋಟನೂ ಇಲ್ಲ, ಎಂತದೂ ಇಲ್ಲ. ಟೀ ಮಾತ್ರ ಎರಡೊತ್ತು ಕೊಡೋರು."

ಬೀಗಿತ್ತಿ ಎಲೆಯಡಿಕೆ ಉಗಿದು ಬಂದಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ಟೀಗೆ ಸಕ್ಕರೆ ಹಾಕೋರಾ, ಬೆಲ್ಲನಾ?" ಎಂದು ಕೇಳಿದಳು. ಆಮೇಲೆ, "ನಮ್ಮತ್ತೆಗೂ ಇಂಗೇ ಆಗಿತ್ತು. ಕರ್ಕಂಡೋಗೋರು ಯಾರೂ ಇರ್ನಿಲ್ಲ, ಮನೇಲೇ ಕಟ್ಟಾಕಿದ್ರು" ಎಂದಳು. ನಕ್ಕವರು ಯಾರು ಮೊದಲು, ಅತ್ತವರು ಯಾರು ಮೊದಲು ನನಗೆ ನೆನಪಿಲ್ಲ. ನಾನಂತೂ ಎರಡನ್ನೂ ಮಾಡಿದೆ.

ಆಮೇಲೆ ನಡೆದದ್ದು ಹಬ್ಬ. ಹೊಸ ಬಟ್ಟೆ ಉಡುವ ಮೊದಲು ಮೂಲೆಗೊಂದಿಷ್ಟು ಅರಿಶಿನ ಹಚ್ಚುವುದು ನಮ್ಮಲ್ಲಿ ವಾಡಿಕೆ. "ಮೂಲೆಗ್ಯಾಕೆ, ಪೂರಾ ಅದ್ಬುಡನ" ಎಂದಳು ಬೀಗಿತ್ತಿ. ಅವಳ ಮನೆಯಿಂದಲೇ ಅರಿಶಿನದ ಪುಡಿ ಬಂತು. ಕಾರ್ಖಾನೆಯ ಹಳೆಯ ತೊಟ್ಟಿಗೆ ನೀರು ತುಂಬಿ, ಕಲಸಿ, ಮೊದಲ ಸೀರೆಯನ್ನು ಅವಳೇ ಅದ್ದಿದಳು. ಬೇಲಿಯ ಮೇಲೆ ಒಣಗಿದಾಗ ಸೀರೆಗಳು ಒಂದು ಕಡೆ ಗಾಢ, ಒಂದು ಕಡೆ ಮಂಕು, ಅಲ್ಲಲ್ಲಿ ಕಲೆ. ಐವತ್ತು ವರ್ಷದ ಹಳೆಯ ಆಸ್ಪತ್ರೆಯ ಬಟ್ಟೆ ಎಂದರೆ ಯಾರಾದರೂ ನಂಬಬೇಕು! ಕನ್ನಡಿಯಿಲ್ಲದೆ ಸೊಟ್ಟಗೆ ಕುಂಕುಮವಿಟ್ಟುಕೊಂಡು ಎಲ್ಲರೂ ಸಾಲಾಗಿ ಕೂತಾಗ, ಕ್ಯಾಮೆರಾದ ಮಲಯಾಳಿ "ಅಡಿಪೊಳಿ!" ಎಂದು ಕೂಗಿದ, ಭರ್ಜರಿ ಅಂತ ಅವರ ಭಾಷೆಯಲ್ಲಿ. ಒಬ್ಬಳು ಕಡಿಮೆ ಬಿದ್ದದ್ದಕ್ಕೆ ನಾನೇ ಒಂದು ಸೀರೆ ಉಟ್ಟು ಚಿಕ್ಕವ್ವನ ಪಕ್ಕ ಕೂತೆ. ದೆವ್ವದ ಸಿನಿಮಾದಲ್ಲಿ ನಾನು!

ಬಾಗಿಲು ತೆರೆದು ಹುಡುಗಿ ಒಳಗೆ ಬರುವ ದೃಶ್ಯ. ಎಲ್ಲರೂ ಹಲ್ಲು ಕಿರಿದು ಕಿರುಚಬೇಕೆಂದು ಡೈರೆಕ್ಟರ್ ಮೊದಲು ಬರೆದುಕೊಂಡಿದ್ದ. ಈಗ ಚಿಕ್ಕವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದ. "ಅವ್ವ, ನಿಜವಾಗ್ಲೂ ಬಾಗ್ಲು ತೆಗೆದ್ರೆ ಏನ್ ಮಾಡ್ತಿದ್ರಿ?"

"ಕಿರುಚದಾ? ಯಾಕಪ್ಪ ಕಿರುಚದು? ಬಾಗ್ಲು ಸದ್ದಾದ್ರೆ ಎಲ್ರೂ ಮೊದ್ಲು ಕಾಲು ನೋಡ್ತಿದ್ವಿ. ನಮ್ಮೋರ ಚಪ್ಪಲಿ ನಮ್ಗೆ ಗೊತ್ತಾಯ್ತದಲ್ಲ. ನಮ್ಮೋರಲ್ಲ ಅಂದ್ರೆ ತಲೆ ಬಗ್ಗಿಸ್ಕಂಡು ಸೆರಗು ಸರಿ ಮಾಡ್ಕಳದು."

ಡೈರೆಕ್ಟರ್ ಕುಣಿದಾಡಿಬಿಟ್ಟ. ಹದಿನೆಂಟು ಹೆಂಗಸರು ಒಟ್ಟಿಗೆ ಕಾಲು ನೋಡುವುದು, ಒಟ್ಟಿಗೆ ತಲೆ ತಗ್ಗಿಸುವುದು! ಮೊದಲ ಟೇಕಿಗೇ, ಒಳಗೆ ಬಂದ ಹುಡುಗಿ ನಿಜವಾಗಿ ಹೆದರಿ ಎರಡು ಹೆಜ್ಜೆ ಹಿಂದೆ ಸರಿದಳು. ನಾವು ಖುಷಿಯಿಂದ ಚಪ್ಪಾಳೆ ತಟ್ಟಿದೆವು. ಎರಡನೇ ಟೇಕೂ ಆಯಿತು. ಮೂರನೆಯದಕ್ಕೆ ಲೈಟು ಸರಿಮಾಡುವಾಗ ಚಿಕ್ಕವ್ವ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು.

"ನಿಮ್ಮವ್ವ ಆಗ ನೀಲಿ ಪಟ್ಟಿ ಹವಾಯಿ ಚಪ್ಪಲಿ ಹಾಕೋಳು ಅಲ್ವಮ್ಮಿ? ದಿನಾ ಅದ್ನೇ ಹುಡುಕ್ತಿದ್ದೆ."

ಎಂಟು ತಿಂಗಳಲ್ಲಿ ಅವ್ವ ಒಮ್ಮೆಯೂ ಹೋಗಿರಲಿಲ್ಲ. ನಮ್ಮ ಮನೆಯಿಂದ ಯಾರೂ ಹೋಗಿರಲಿಲ್ಲ. ಹೋದರೆ ಟೀ ತೋಟದ ಸುಳ್ಳು ಊರಿಗೆ ತಿಳಿಯುತ್ತದೆ ಎಂದು. ಇಷ್ಟು ವರ್ಷ ನಾನು ಕಾಪಾಡಿದ್ದು ಅವಳ ಮಾನವನ್ನು ಎಂದುಕೊಂಡಿದ್ದೆ.

"ಆಕ್ಷನ್" ಎಂದ ಡೈರೆಕ್ಟರ್. ಬಾಗಿಲು ತೆರೆಯಿತು.

ಸಿನಿಮಾದಲ್ಲಿ ಉಳಿದಿರುವುದು ಆ ಮೂರನೇ ಟೇಕೇ. ಹದಿನೇಳು ಜನ ಬಾಗಿಲಲ್ಲಿ ನಿಂತವಳ ಕಾಲು ನೋಡುತ್ತಿದ್ದಾರೆ. ನಾನೊಬ್ಬಳು ಚಿಕ್ಕವ್ವನ ಮುಖ ನೋಡುತ್ತಿದ್ದೇನೆ.